‘ತಾನು’ ತೋರಿದ ದಾರಿ: ಬೋಸ್ನಿಯನ್ ಸರ್ವನಾಮಗಳನ್ನು ಕಲಿತ ಕ್ರಮ

ಅಮೀರ್ ವೊಲಿ ಸ್ವೊಯು ಮಾಯ್ಕು. ಅಮೀರ್ ವೊಲಿ ನ್ಯೆಗೊವು ಮಾಯ್ಕು. ಇಂಗ್ಲಿಷ್ ಮೂಲಕ ಬೋಸ್ನಿಯನ್ ಕಲಿಯುವವರು ಈ ಎರಡು ವಾಕ್ಯಗಳ ಮುಂದೆ ಬಹಳ ಹೊತ್ತು ನಿಲ್ಲುತ್ತಾರೆ. ಅವರ ಭಾಷೆಯಲ್ಲಿ ಎರಡಕ್ಕೂ ಒಂದೇ ಅನುವಾದ. ಕನ್ನಡದವರಿಗೆ ಇಲ್ಲಿ ವಿವರಣೆಯೇ ಬೇಕಿಲ್ಲ. ಮೊದಲನೆಯದು ‘ಅಮೀರ್ ತನ್ನ ತಾಯಿಯನ್ನು ಪ್ರೀತಿಸುತ್ತಾನೆ’; ಎರಡನೆಯದು ‘ಅಮೀರ್ ಅವನ ತಾಯಿಯನ್ನು ಪ್ರೀತಿಸುತ್ತಾನೆ’, ಅಂದರೆ ಇನ್ನಾರದೋ ತಾಯಿಯನ್ನು. ಸ್ವೊಯ್ ಅಂದರೆ ತನ್ನ, ನ್ಯೆಗೊವ್ ಅಂದರೆ ಅವನ.

ಬೋಸ್ನಿಯನ್ ಸರ್ವನಾಮಗಳನ್ನು ಕನ್ನಡದ ಕಡೆಯಿಂದಲೇ ಹತ್ತಬೇಕು ಅನ್ನುವುದು ಇಂಥ ಜಾಗಗಳಲ್ಲಿ ಮನದಟ್ಟಾಗುತ್ತದೆ. ಪಠ್ಯಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿರುತ್ತವೆ. ಅವನ್ನು ಓದುತ್ತ ನಮ್ಮ ಕೈಯಲ್ಲಿರುವ ಕೀಲಿಯನ್ನೇ ಮರೆಯುತ್ತೇವೆ. ಹಾಗಂತ ಕೀಲಿ ಎಲ್ಲ ಬೀಗಕ್ಕೂ ಸರಿಯಾಗಿ ಕೂರುವುದಿಲ್ಲ. ಎಲ್ಲಿ ಹೊಂದುತ್ತದೆ, ಎಲ್ಲಿ ಅರ್ಧ ತಿರುಗಿ ನಿಲ್ಲುತ್ತದೆ ಅನ್ನುವುದನ್ನು ಕಲಿತ ಕ್ರಮದಲ್ಲೇ ಬರೆದಿದ್ದೇನೆ.

ಬೋಸ್ನಿಯಾ ಮತ್ತು ಹೆರ್ಜೆಗೊವಿನಾದಲ್ಲಿ ಬೋಸ್ನಿಯನ್, ಕ್ರೊಯೇಷಿಯನ್, ಸರ್ಬಿಯನ್ ಮೂರೂ ಅಧಿಕೃತ ಭಾಷೆಗಳು. ಯುದ್ಧ ನಿಲ್ಲಿಸಿದ 1995ರ ಡೇಟನ್ ಒಪ್ಪಂದ ಈ ಮೂರರಲ್ಲೂ ಇಂಗ್ಲಿಷಿನಲ್ಲೂ ಸಿದ್ಧವಾಯಿತು. ಮೂರರ ವ್ಯಾಕರಣ ಬಹುಪಾಲು ಒಂದೇ, ಆದ್ದರಿಂದ ಕೆಳಗಿನದು ಹೆಚ್ಚಾಗಿ ಮೂರಕ್ಕೂ ಸಲ್ಲುತ್ತದೆ. ‘ಯಾರು’ ಅನ್ನುವುದಕ್ಕೆ ಬೋಸ್ನಿಯನ್‌ನಲ್ಲಿ ಕೊ, ಕ್ರೊಯೇಷಿಯನ್‌ನಲ್ಲಿ ತ್ಕೊ. ‘ಏನು’ ಅನ್ನುವುದಕ್ಕೆ ಬೋಸ್ನಿಯನ್‌ನಲ್ಲಿ ಶ್ತ, ಕ್ರೊಯೇಷಿಯನ್‌ನಲ್ಲಿ ಶ್ತೊ. ಇಂಥವನ್ನು ಮೊದಲೇ ಗುರುತು ಹಾಕಿಕೊಂಡರೆ ಎರಡು ಪಠ್ಯಗಳನ್ನು ಬೆರೆಸಿ ಓದುವಾಗ ತೊಡಕಾಗುವುದಿಲ್ಲ. ಉಚ್ಚಾರಕ್ಕೆ ಕನ್ನಡ ಲಿಪಿ ಚೆನ್ನಾಗಿ ಒಗ್ಗುತ್ತದೆ. ತ, ದ ನಮ್ಮ ದಂತ್ಯಗಳೇ, ಬರೆದದ್ದನ್ನೆಲ್ಲ ಉಚ್ಚರಿಸುತ್ತಾರೆ, ಪದದ ಕೊನೆಯ ಅಕಾರ ನುಂಗಿಹೋಗುವುದಿಲ್ಲ.

ಮೊದಲ ಮೆಟ್ಟಿಲು ಲಿಂಗ. ಒನ್ ಅಂದರೆ ಅವನು, ಒನ ಅಂದರೆ ಅವಳು, ಒನೊ ಅಂದರೆ ಅದು ಎಂದು ಬರೆದುಕೊಂಡರೆ ಮೊದಲ ದಿನವೇ ತಪ್ಪು ಬೇರೂರುತ್ತದೆ. ಕನ್ನಡದಲ್ಲಿ ಲಿಂಗ ಅರ್ಥವನ್ನು ನೋಡುತ್ತದೆ, ಬೋಸ್ನಿಯನ್‌ನಲ್ಲಿ ಪದದ ಬಾಲವನ್ನು ನೋಡುತ್ತದೆ. ಸೇತುವೆ, ಅಂದರೆ ಮೊಸ್ತ್, ವ್ಯಂಜನದಲ್ಲಿ ಮುಗಿಯುತ್ತದೆ, ಹಾಗಾಗಿ ಅದು ಒನ್. ಕಾಫ, ಅಂದರೆ ಕಾಫಿ, ಅಕಾರದಲ್ಲಿ ಮುಗಿಯುತ್ತದೆ, ಹಾಗಾಗಿ ಒನ. ಒಕಾರ ಅಥವಾ ಎಕಾರದಲ್ಲಿ ಮುಗಿದರೆ ಸಾಮಾನ್ಯವಾಗಿ ಒನೊ. ಅಪವಾದಗಳಿವೆ, ಅವನ್ನು ಆಮೇಲೆ ಕಲಿತರೆ ಸಾಕು. ಅಭ್ಯಾಸಕ್ಕೆ ಊರುಗಳ ಹೆಸರೇ ಒಳ್ಳೆಯ ಸಾಮಗ್ರಿ: ಮೊಸ್ತಾರ್, ತ್ರಾವ್ನಿಕ್ ಪುಲ್ಲಿಂಗ, ತೂಜ಼್ಲ, ಜ಼ೆನಿತ್ಸ ಸ್ತ್ರೀಲಿಂಗ, ಸರಾಯೆವೊ ನಪುಂಸಕ. ನಕ್ಷೆಯ ಮೇಲೆ ಬೆರಳಿಟ್ಟು ‘ಎವೊ ಗ’, ‘ಎವೊ ಯೆ’ ಎಂದು ಹೇಳುತ್ತ ಹೋಗಬೇಕು. ಎರಡರ ಅರ್ಥವೂ ‘ಇಗೋ ಇಲ್ಲಿದೆ’. ಮೊಸ್ತಾರ್‌ಗೂ ಸರಾಯೆವೊಗೂ ಗ, ತೂಜ಼್ಲಕ್ಕೆ ಯೆ.

ಬಹುವಚನದಲ್ಲಿ ನಮ್ಮ ‘ಅವರು’ ಮತ್ತು ‘ಅವು’ ಕೈಕೊಡುತ್ತವೆ. ಗಂಡಸರಿಗೂ ಗಂಡಸು ಹೆಂಗಸು ಬೆರೆತ ಗುಂಪಿಗೂ ಒನಿ, ಬರೀ ಹೆಂಗಸರಿಗೆ ಒನೆ, ನಪುಂಸಕಕ್ಕೆ ಒನ. ಈ ಕೊನೆಯದೂ ‘ಅವಳು’ ಅನ್ನುವ ಒನವೂ ಬರವಣಿಗೆಯಲ್ಲಿ ಒಂದೇ ರೀತಿ ಕಾಣುತ್ತವೆ. ಬಿಡಿಸಿಕೊಡುವುದು ಕ್ರಿಯಾಪದ: ಒನ ಯೆ ಅಂದರೆ ಒಬ್ಬಳು, ಒನ ಸು ಅಂದರೆ ಹಲವು. ‘ಇಬ್ಬರೂ’ ಎಂದು ನಾವು ಒಂದೇ ಮಾತಿನಲ್ಲಿ ಮುಗಿಸುವ ಕಡೆ ಮೂರು ಪದ ಬೇಕು. ಇಬ್ಬರೂ ಗಂಡಸರಾದರೆ ಒಬೊಯಿತ್ಸ, ಇಬ್ಬರೂ ಹೆಂಗಸರಾದರೆ ಒಬ್ಯೆ, ಒಬ್ಬ ಗಂಡಸು ಒಬ್ಬ ಹೆಂಗಸಾದರೆ ಒಬೊಯೆ.

ಎರಡನೆಯದು ತೋರಿಸುವ ಪದಗಳು. ಕನ್ನಡದಲ್ಲಿ ಈ, ಆ ಎಂದು ಎರಡೇ. ಬೋಸ್ನಿಯನ್‌ನಲ್ಲಿ ಮೂರು: ಒವಾಯ್, ತಾಯ್, ಒನಾಯ್. ಸರಾಯೆವೊದ ಬಾಶ್ಚಾರ್ಶಿಯ ಪೇಟೆಯಲ್ಲಿ ಕಾಫಿಗೆ ಕೂತಿದ್ದೇವೆ ಅಂದುಕೊಳ್ಳಿ. ತಾಮ್ರದ ತಟ್ಟೆಯಲ್ಲಿ ಉದ್ದ ಹಿಡಿಯ ಜೆಜ಼್ವ, ಹಿಡಿಯಿಲ್ಲದ ಪುಟ್ಟ ಬಟ್ಟಲು ಫಿಲ್ಜಾನ್. ಜೆಜ಼್ವ ನನ್ನ ಕೈ ಹತ್ತಿರವಿದ್ದರೆ ‘ಒವ ಜೆಜ಼್ವ’. ಫಿಲ್ಜಾನ್ ಎದುರು ಕೂತ ನಿಮ್ಮ ಕೈಯಲ್ಲಿದ್ದರೆ ‘ತಾಯ್ ಫಿಲ್ಜಾನ್’. ಆಚೆ ಮೇಜಿನ ಮೇಲೆ, ನಮ್ಮಿಬ್ಬರಿಗೂ ದೂರದಲ್ಲಿ ಇರುವುದು ‘ಒನಾಯ್ ಫಿಲ್ಜಾನ್’. ನೀವು ನಿಮ್ಮ ಬಟ್ಟಲನ್ನು ನನ್ನ ಕೈಗೆ ಕೊಟ್ಟ ಕ್ಷಣ ಅದೇ ವಸ್ತು ನನ್ನ ಬಾಯಲ್ಲಿ ಒವಾಯ್, ನಿಮ್ಮ ಬಾಯಲ್ಲಿ ತಾಯ್ ಆಗುತ್ತದೆ. ಒಬ್ಬರೇ ಕಲಿಯುತ್ತಿದ್ದರೆ ಮೇಜಿನ ಎರಡೂ ಬದಿಗೆ ಕೂತು ಎರಡೂ ಪಾತ್ರಗಳ ಮಾತು ಹೇಳಿಕೊಳ್ಳಬೇಕು. ಒಂದೇ ಬದಿಯ ಅಭ್ಯಾಸ ಸಾಲದು.

ಕನ್ನಡದವರ ಮಾಮೂಲಿ ತಪ್ಪು ‘ಆ’ ಬಂದಲ್ಲೆಲ್ಲ ಒನಾಯ್ ಹಾಕುವುದು. ನಮ್ಮ ‘ಆ’ ಹೆಚ್ಚಿನ ಸಲ ಅವರ ತಾಯ್. ಈಗಷ್ಟೇ ಮಾತಿಗೆ ಬಂದ ವಿಷಯ, ನೀವು ಹೇಳಿದ ಸಂಗತಿ, ಎಲ್ಲವೂ ತಾಯ್‌ನ ವ್ಯಾಪ್ತಿ. ಯಾರಾದರೂ ಏನೋ ಹೇಳಿದಾಗ ನಾವು ‘ಇದು ಸರಿ’ ಎಂದರೂ ನಡೆಯುತ್ತದೆ, ‘ಅದು ಸರಿ’ ಎಂದರೂ ನಡೆಯುತ್ತದೆ. ಬೋಸ್ನಿಯನ್‌ನಲ್ಲಿ ಸಹಜವಾದದ್ದು ‘ತೊ ಯೆ ತಾಚ್ನೊ’, ಏಕೆಂದರೆ ಮಾತು ಹೊರಟದ್ದು ಎದುರಿನವರ ಬಾಯಿಂದ. ಮೂರರ ಲೆಕ್ಕ ನಮಗೆ ತೀರಾ ಪರಕೀಯವೇನಲ್ಲ. ಹಳಗನ್ನಡದಲ್ಲಿ ಅದು, ಇದುಗಳ ನಡುವೆ ‘ಉದು’ ಇತ್ತು, ಅವಂ, ಇವಂಗಳ ನಡುವೆ ‘ಉವಂ’ ಇತ್ತು. ನಾವು ಬಿಟ್ಟುಕೊಟ್ಟ ನಡುವಿನ ಮನೆಯಲ್ಲಿ ಬೋಸ್ನಿಯನ್ನರು ಇನ್ನೂ ವಾಸವಾಗಿದ್ದಾರೆ.

ಇದರ ಜೊತೆಗೇ ಇನ್ನೊಂದು ತಪ್ಪು. ‘ಇವಳು ನನ್ನ ತಂಗಿ’ ಎಂದು ಪರಿಚಯಿಸಲು ‘ಒವ ಯೆ ಮೊಯ ಸೆಸ್ತ್ರ’ ಎಂದರೆ ಕಿವಿಗೆ ಒರಟು. ಪರಿಚಯಿಸುವಾಗ ವ್ಯಕ್ತಿ ಯಾರೇ ಆಗಲಿ ನಪುಂಸಕ ಏಕವಚನ ಒವೊ ಬರುತ್ತದೆ: ಒವೊ ಯೆ ಮೊಯ ಸೆಸ್ತ್ರ. ಹಲವರಾದರೂ ಒವೊ ಅಲುಗುವುದಿಲ್ಲ, ಕ್ರಿಯಾಪದ ಮಾತ್ರ ಬಹುವಚನವಾಗುತ್ತದೆ: ಒವೊ ಸು ಮೊಯೆ ಸೆಸ್ತ್ರೆ. ಮನುಷ್ಯರನ್ನು ‘ಇದು’ ಅನ್ನಲು ನಮಗೆ ನಾಲಿಗೆ ತಡೆಯುತ್ತದೆ, ಆದರೆ ಅಲ್ಲಿ ಅದರಲ್ಲಿ ಅಗೌರವವಿಲ್ಲ.

ಇಂಥ, ಅಂಥ, ಎಂಥ ಅನ್ನುವ ನಮ್ಮ ಸರಣಿಗೆ ಸರಿಜೋಡಿ ಅಲ್ಲಿದೆ: ಒವಾಕವ್, ತಾಕವ್, ಒನಾಕವ್, ಪ್ರಶ್ನೆಗೆ ಕಾಕವ್. ಇಷ್ಟು ದೊಡ್ಡ, ಅಷ್ಟು ದೊಡ್ಡ, ಎಷ್ಟು ದೊಡ್ಡ ಅನ್ನುವುದಕ್ಕೆ ಒವೊಲಿಕಿ, ತೊಲಿಕಿ, ಒನೊಲಿಕಿ, ಕೊಲಿಕಿ. ಹೀಗೆ, ಹಾಗೆ, ಹೇಗೆ ಅನ್ನುವುದಕ್ಕೆ ಒವಾಕೊ, ತಾಕೊ, ಒನಾಕೊ, ಕಾಕೊ. ಕನ್ನಡದಲ್ಲಿ ಮೊದಲ ಸ್ವರ ಬದಲಾದರೆ ಅರ್ಥ ಬದಲಾಗುವ ಹಾಗೆ ಅಲ್ಲಿ ಒವ-, ತ-, ಒನ-, ಕ- ಬದಲಾಗುತ್ತವೆ. ಒಂದು ಸಂಜೆಯಲ್ಲಿ ಬಾಯಿಗೆ ಬರುವಂಥದು. ಎಚ್ಚರ ಬೇಕಾದದ್ದು ಒಂದೇ ಕಡೆ: ‘ಕಾಫಿ ಹೇಗಿದೆ?’ ಅನ್ನುವುದನ್ನು ‘ಕಾಕೊ ಯೆ ಕಾಫ’ ಎಂದು ಕೇಳಬಾರದು. ವಸ್ತುವಿನ ಗುಣ ಕೇಳುವಾಗ ‘ಎಂಥದು’ ಎಂದೇ ಕೇಳಬೇಕು: ಕಾಕ್ವ ಯೆ ಕಾಫ? ಇನ್ನು ‘ಯಾವ ಕಾಫಿ’ ಎಂದು ಇರುವವುಗಳಲ್ಲಿ ಆರಿಸಲು ಕೇಳಿದರೆ ‘ಕೊಯ ಕಾಫ’. ಯಾವ ಮತ್ತು ಎಂಥ ಇವುಗಳ ವ್ಯತ್ಯಾಸ ಗೊತ್ತಿದ್ದವರಿಗೆ ಕೊಯಿ, ಕಾಕವ್‌ಗಳ ವ್ಯತ್ಯಾಸ ಆಗಲೇ ಗೊತ್ತಿದೆ.

ನಿಜವಾದ ಏರು ಶುರುವಾಗುವುದು ಮೂರನೆಯ ಮೆಟ್ಟಿಲಲ್ಲಿ. ದ್ವಿತೀಯಾ, ಚತುರ್ಥಿ, ಷಷ್ಠಿಗಳಲ್ಲಿ ಪುರುಷವಾಚಕಗಳಿಗೆ ಎರಡೆರಡು ರೂಪ. ‘ನನ್ನನ್ನು’ ಅನ್ನುವುದಕ್ಕೆ ಉದ್ದದ್ದು ಮೆನೆ, ಗಿಡ್ಡದ್ದು ಮೆ. ‘ನನಗೆ’ ಮೆನಿ, ಮಿ. ‘ನಿನ್ನನ್ನು’ ತೆಬೆ, ತೆ. ‘ನಿನಗೆ’ ತೆಬಿ, ತಿ. ‘ಅವನನ್ನು’ ನ್ಯೆಗ, ಗ. ‘ಅವನಿಗೆ’ ನ್ಯೆಮು, ಮು. ‘ಅವಳಿಗೆ’ ನ್ಯೊಯ್, ಯೊಯ್. ‘ಅವರನ್ನು’ ನ್ಯಿಹ್, ಇಹ್. ‘ಅವರಿಗೆ’ ನ್ಯಿಮ, ಇಮ್. ಪಠ್ಯಗಳು ಉದ್ದ ರೂಪವನ್ನು ಮೊದಲು ಕೊಡುತ್ತವೆ, ನಾವೂ ಅದನ್ನೇ ಉರು ಹೊಡೆಯುತ್ತೇವೆ. ನನ್ನ ಅನುಭವದಲ್ಲಿ ಇದು ಹಿಂದುಮುಂದಾದ ಕ್ರಮ. ದಿನದ ಮಾತಿನಲ್ಲಿ ಬರುವುದು ಗಿಡ್ಡ ರೂಪ. ಉದ್ದದ್ದು ಬರುವುದು ಒತ್ತು ಕೊಡುವಾಗ. ವಿದಿಮ್ ಗ ಅಂದರೆ ಅವನನ್ನು ನೋಡುತ್ತಿದ್ದೇನೆ. ವಿದಿಮ್ ನ್ಯೆಗ ಅಂದರೆ ಅವನನ್ನೇ ನೋಡುತ್ತಿದ್ದೇನೆ. ಕನ್ನಡದಲ್ಲಿ ಏ ಹಚ್ಚಬೇಕು ಅನ್ನಿಸಿದ ಕಡೆ ಮಾತ್ರ ಉದ್ದ ರೂಪ ಎಂದು ಇಟ್ಟುಕೊಂಡರೆ ತಪ್ಪುಗಳು ಬಹಳಷ್ಟು ಉದುರಿಹೋಗುತ್ತವೆ. ಉಪಸರ್ಗದ, ಅಂದರೆ ಸರ್ವನಾಮದ ಮುಂದೆ ಬರುವ ಜ಼ಾ, ಕೊದ್ ಥರದ ಪದಗಳ ನಂತರ ಮಾತ್ರ ಒತ್ತು ಇರಲಿ ಬಿಡಲಿ ಉದ್ದ ರೂಪವೇ: ಜ಼ಾ ಮೆನೆ ಅಂದರೆ ನನಗೋಸ್ಕರ, ಕೊದ್ ಮೆನೆ ಅಂದರೆ ನನ್ನ ಹತ್ತಿರ ಅಥವಾ ನಮ್ಮ ಮನೆಯಲ್ಲಿ. ‘ನನ್ನ ಜೊತೆ’ ಅನ್ನಲು ಸಾ ಮ್ನೊಮ್. ಬೇರೆ ಕಡೆ ಬರೀ ‘ಸ್’ ಸಾಕಾಗುವ ಉಪಸರ್ಗ ಇಲ್ಲಿ ‘ಸಾ’ ಆಗಲೇಬೇಕು, ಇಲ್ಲದಿದ್ದರೆ ನಾಲಿಗೆಗೆ ನಿಲುಕುವುದಿಲ್ಲ.

ಗಿಡ್ಡ ರೂಪವನ್ನು ಬಿಟ್ಟುಬಿಡುವುದು ಇನ್ನೊಂದು ಕನ್ನಡದ ಚಾಳಿ. ‘ಕೀಲಿ ಎಲ್ಲಿ?’ ಎಂದರೆ ‘ನೋಡಲಿಲ್ಲ’ ಎಂದಷ್ಟೇ ಹೇಳುತ್ತೇವೆ, ‘ಅದನ್ನು’ ಬೇಕಿಲ್ಲ. ಅಲ್ಲಿ ಕರ್ತೃವನ್ನು ಧಾರಾಳವಾಗಿ ಬಿಡಬಹುದು, ಕರ್ಮವನ್ನು ಹಾಗೆ ಬಿಡುವಂತಿಲ್ಲ: ನಿಸಮ್ ಗ ವಿದ್ಯೆಲ. ನಡುವಿನ ಆ ಗ ಇಲ್ಲದಿದ್ದರೆ ವಾಕ್ಯ ಕುಂಟುತ್ತದೆ.

ಈಗ ಜಾಗದ ಪ್ರಶ್ನೆ. ಗಿಡ್ಡ ರೂಪಗಳು ಸ್ವಂತ ಒತ್ತಿಲ್ಲದ ತುಣುಕುಗಳು. ನಮ್ಮ ಊ, ಏ, ಓಗಳ ಹಾಗೆ ಹಿಂದಿನ ಪದಕ್ಕೆ ಒರಗಿಯೇ ನಿಲ್ಲಬೇಕು, ವಾಕ್ಯದ ಮೊದಲಲ್ಲಿ ಬರುವಂತಿಲ್ಲ. ಅವುಗಳ ಜಾಗ ವಾಕ್ಯದ ಮೊದಲ ಪದ ಅಥವಾ ಮೊದಲ ಪದಗುಚ್ಛದ ನಂತರ. ಹಲವು ತುಣುಕುಗಳಿದ್ದರೆ ಎಲ್ಲವೂ ಅಲ್ಲೇ ಸಾಲಾಗಿ ನಿಲ್ಲುತ್ತವೆ, ಸಾಲಿನ ಕ್ರಮವೂ ನಿಗದಿ. ಮೊದಲು ಪ್ರಶ್ನೆಯ ಲಿ, ಆಮೇಲೆ ಸಮ್, ಸಿ, ಸ್ಮೊ, ಸ್ತೆ, ಸು, ಚು ಮುಂತಾದ ಸಹಾಯಕ ಕ್ರಿಯಾಪದ, ಆಮೇಲೆ ಚತುರ್ಥಿ, ಆಮೇಲೆ ದ್ವಿತೀಯಾ ಅಥವಾ ಷಷ್ಠಿ, ಆಮೇಲೆ ಕೆಲವು ಕ್ರಿಯಾಪದಗಳಿಗೆ ಅಂಟಿಕೊಂಡೇ ಬರುವ ಸೆ, ಎಲ್ಲಕ್ಕೂ ಕೊನೆಗೆ ಸಹಾಯಕಗಳಲ್ಲಿ ಒಂಟಿಯಾಗಿ ಉಳಿದ ಯೆ.

ಒಂದೇ ವಾಕ್ಯ ಹಿಡಿದು ಇದನ್ನು ಮಾಡಿ ನೋಡಬೇಕು. ಸೆಲ್ಮ ಯೆ ದಾಲ ಅಮೀರು ಕಾಫು: ಸೆಲ್ಮಾ ಅಮೀರನಿಗೆ ಕಾಫಿ ಕೊಟ್ಟಳು. ‘ಅಮೀರು’ ತೆಗೆದು ಮು ಹಾಕಿದರೆ: ಸೆಲ್ಮ ಮು ಯೆ ದಾಲ ಕಾಫು. ಮು ಮುಂದೆ ಬಂದು ಯೆಯನ್ನು ಹಿಂದಕ್ಕೆ ತಳ್ಳಿತು. ‘ಕಾಫು’ ತೆಗೆದರೆ ಅದರ ಬದಲಿಗೆ ಬರಬೇಕಾದದ್ದು ಸ್ತ್ರೀಲಿಂಗದ ಯೆ. ಆಗ ಕರ್ಮದ ಯೆ, ಕ್ರಿಯಾಪದದ ಯೆ ಎರಡೂ ಒಂದರ ಪಕ್ಕ ಒಂದು ಬೀಳುತ್ತವೆ. ಅದನ್ನು ಭಾಷೆ ಒಪ್ಪುವುದಿಲ್ಲ, ಕರ್ಮದ್ದು ಯು ಆಗುತ್ತದೆ: ಸೆಲ್ಮ ಮು ಯು ಯೆ ದಾಲ. ‘ಸೆಲ್ಮ’ ಬಿಟ್ಟರೆ ಸಾಲಿಗೆ ಒರಗಲು ಮುಂದೆ ಏನೂ ಇಲ್ಲ, ಹಾಗಾಗಿ ಕ್ರಿಯಾಪದ ಮುಂದೆ ಬರಬೇಕು: ದಾಲ ಮು ಯು ಯೆ. ಹೆಂಗಸೊಬ್ಬಳು ತನ್ನ ಬಗ್ಗೆಯೇ ಹೇಳಿದರೆ: ದಾಲ ಸಮ್ ಮು ಯೆ. ಸಮ್ ಸಾಲಿನ ಮೊದಲಿಗೆ ಹಾರಿತು, ಯೆ ಡಿಕ್ಕಿ ತಪ್ಪಿದ್ದರಿಂದ ಕರ್ಮ ಮತ್ತೆ ಯೆ ರೂಪಕ್ಕೆ ಮರಳಿತು. ನಿರಾಕರಣೆಯಾದರೆ: ನಿಯೆ ಮು ಯೆ ದಾಲ. ನಿಯೆ ಸ್ವಂತ ಕಾಲಿನ ಮೇಲೆ ನಿಲ್ಲುವ ಪದ, ಅದು ಆರಂಭದಲ್ಲಿ ಬರಬಹುದು, ಇಲ್ಲಿನ ಯೆ ‘ಅದನ್ನು’ ಮಾತ್ರ.

ಒಂದೊಂದು ತುಣುಕನ್ನು ಒಂದೊಂದು ಚೀಟಿಯಲ್ಲಿ ಬರೆದು ಮೇಜಿನ ಮೇಲೆ ಜರುಗಿಸುತ್ತ ಈ ಆರು ರೂಪಗಳನ್ನು ಕಟ್ಟುವುದು ಯಾವ ಕೋಷ್ಟಕಕ್ಕಿಂತ ಚೆನ್ನಾಗಿ ಕಲಿಸುತ್ತದೆ. ಕ್ರಮ ಬಾಯಿಪಾಠವಾದರೂ ಮಾತಿನಲ್ಲಿ ಎಡವುವುದು ಎರಡು ಕಡೆ. ‘ಮತ್ತು’ ಅನ್ನುವ ಇ, ‘ಆದರೆ’ ಎಂಬರ್ಥದ ಅ, ಈ ಎರಡಕ್ಕೆ ಸಾಲು ಒರಗುವುದಿಲ್ಲ, ಅವುಗಳ ನಂತರ ಇನ್ನೊಂದು ಪದ ಬೇಕು: ಇ ದಾಲ ಮು ಯು ಯೆ. ಆದರೆ ‘ಎಂದು’ ಅನ್ನುವ ದ ಬಂದರೆ ಸಾಲು ತಕ್ಷಣ ಅದಕ್ಕೇ ಅಂಟುತ್ತದೆ: ದ ಮು ಯು ಯೆ ದಾಲ. ಇನ್ನು ಸೆ ಮತ್ತು ಯೆ ಪಕ್ಕಪಕ್ಕ ಬಂದಾಗ ಯೆ ಸಾಮಾನ್ಯವಾಗಿ ಉದುರುತ್ತದೆ: ಸೆಲ್ಮ ಸೆ ವ್ರಾತಿಲ, ಸೆಲ್ಮಾ ಮರಳಿದಳು.

ಕ್ರಿಯಾಪದ ಯಾವ ವಿಭಕ್ತಿ ಬೇಡುತ್ತದೆ ಅನ್ನುವಲ್ಲಿ ಕನ್ನಡ ಅರ್ಧ ದಾರಿ ಬರುತ್ತದೆ. ‘ನನಗೆ ಚಳಿ’ ಅಂದರೆ ಹ್ಲಾದ್ನೊ ಮಿ ಯೆ. ‘ನನಗೆ ಮೊಸ್ತಾರ್ ಇಷ್ಟ’ ಅಂದರೆ ಸ್ವಿಜ ಮಿ ಸೆ ಮೊಸ್ತಾರ್. ಅನುಭವಿಸುವವರಿಗೆ ಚತುರ್ಥಿ, ಥೇಟ್ ನಮ್ಮ ಹಾಗೆ. ಈ ಉತ್ಸಾಹದಲ್ಲಿ ‘ನನಗೆ ತಲೆನೋವು’ ಅನ್ನಲು ಹೋಗಿ ‘ಬೊಲಿ ಮಿ ಗ್ಲಾವ’ ಎಂದರೆ ತಪ್ಪು. ಅಲ್ಲಿ ದ್ವಿತೀಯಾ: ಬೊಲಿ ಮೆ ಗ್ಲಾವ, ತಲೆ ನನ್ನನ್ನು ನೋಯಿಸುತ್ತಿದೆ. ‘ನಿನ್ನನ್ನು ನಂಬುತ್ತೇನೆ’ ಅನ್ನುವುದು ತಿರುಗಿಬಿದ್ದಿದೆ: ವ್ಯೆರುಯೆಮ್ ತಿ, ನಿನಗೆ. ‘ಅವನಿಗೆ ಹೆದರುತ್ತೇನೆ’ ಷಷ್ಠಿಗೆ ಹೋಗಿದೆ: ಬೊಯಿಮ್ ಗ ಸೆ. ಇಂಥ ಕ್ರಿಯಾಪದಗಳನ್ನು ಒಂಟಿಯಾಗಿ ಬರೆದುಕೊಳ್ಳದೆ ಗಿಡ್ಡ ಸರ್ವನಾಮದ ಸಮೇತವೇ ಬರೆದುಕೊಳ್ಳಬೇಕು. ಮೈಯ ಭಾಗಗಳ ವಿಷಯದಲ್ಲಿ ಮಾತ್ರ ಕನ್ನಡವನ್ನೇ ನಂಬಬಹುದು. ಕೈ ತೊಳೆದೆ ಅನ್ನುತ್ತೇವೆ, ‘ನನ್ನ’ ಕೈ ಅನ್ನುವುದಿಲ್ಲ. ಅವರೂ ಅಷ್ಟೇ.

ಇನ್ನು ಸ್ವೊಯ್. ಮೊದಲಿಗೆ ಕೈಹಿಡಿದ ‘ತನ್ನ’ ಮೂರು ಕಡೆ ಕೈಬಿಡುತ್ತದೆ. ಒಂದು, ನಮ್ಮ ‘ತನ್ನ’ ಪ್ರಥಮ ಪುರುಷಕ್ಕೆ ಮಾತ್ರ. ನಾನು, ನೀನು ಕರ್ತೃವಾದರೆ ‘ನನ್ನ’, ‘ನಿನ್ನ’. ಸ್ವೊಯ್ ಎಲ್ಲರಿಗೂ ಒಂದೇ. ‘ನನ್ನ ಊರನ್ನು ಪ್ರೀತಿಸುತ್ತೇನೆ’ ಅನ್ನಲು ವೊಲಿಮ್ ಸ್ವೊಯ್ ಗ್ರಾದ್. ಇಲ್ಲಿ ‘ಮೊಯ್ ಗ್ರಾದ್’ ಎಂದರೂ ಅರ್ಥವಾಗುತ್ತದೆ, ಆದರೆ ಬರವಣಿಗೆಯಲ್ಲಿ ತಿದ್ದಿಸಿಕೊಳ್ಳಬೇಕಾಗುತ್ತದೆ. ಎರಡು, ಸ್ವೊಯ್ ಪ್ರಥಮಾ ವಿಭಕ್ತಿಯ ಕರ್ತೃವಿನತ್ತ ಮಾತ್ರ ನೋಡುತ್ತದೆ. ‘ಅಮೀರನಿಗೆ ತನ್ನ ಊರು ಇಷ್ಟ’ ನಮಗೆ ಸಹಜ. ಅಲ್ಲಿ ವ್ಯಾಕರಣದ ಕರ್ತೃ ಊರು, ಅಮೀರನಲ್ಲ. ಆದ್ದರಿಂದ: ಅಮೀರು ಸೆ ಸ್ವಿಜ ನ್ಯೆಗೊವ್ ಗ್ರಾದ್. ಮೂರು, ಕನ್ನಡದ ‘ತನ್ನ’ ಉಪವಾಕ್ಯದ ಬೇಲಿ ಹಾರಬಲ್ಲದು. ‘ಸೆಲ್ಮಾ ತನ್ನ ತಾಯಿಯನ್ನು ನೋಡಿದಳು ಎಂದು ಅಮೀರ್ ಹೇಳಿದ’ ಎಂದರೆ ಅಮೀರನ ತಾಯಿಯೂ ಆಗಬಹುದು. ಸ್ವೊಯ್ ಬೇಲಿ ಹಾರುವುದಿಲ್ಲ, ತನ್ನ ಉಪವಾಕ್ಯದ ಕರ್ತೃವಿಗೇ ಕಟ್ಟುಬಿದ್ದಿದೆ: ಅಲ್ಲಿ ಅದು ಸೆಲ್ಮಾಳ ತಾಯಿ ಮಾತ್ರ.

ಸ್ವಾಮ್ಯದ ಪದಗಳು ಮುಂದಿನ ನಾಮಪದದಂತೆ ಬದಲಾಗುತ್ತವೆ ಅನ್ನುವುದೂ ನಮಗೆ ಹೊಸದು. ‘ಅವನ’ ಎಂದೂ ಬದಲಾಗದು. ನ್ಯೆಗೊವ್ ತಂದೆಗೆ ಹಾಗೇ, ತಾಯಿಗೆ ನ್ಯೆಗೊವ. ದ್ವಿತೀಯೆಯಲ್ಲಿ ಪುಲ್ಲಿಂಗ ಏಕವಚನಕ್ಕೆ ಜೀವ ಇದೆಯೇ ಇಲ್ಲವೇ ಎಂದು ನೋಡಬೇಕು. ವಿದಿಮ್ ಒವಾಯ್ ಮೊಸ್ತ್, ಈ ಸೇತುವೆ ನೋಡುತ್ತಿದ್ದೇನೆ. ವಿದಿಮ್ ಒವೊಗ್ ಚೊವ್ಯೆಕ, ಈ ಮನುಷ್ಯನನ್ನು ನೋಡುತ್ತಿದ್ದೇನೆ. ‘ಸೇತುವೆ ನೋಡಿದೆ’ ಎಂದು ಪ್ರತ್ಯಯ ಬಿಟ್ಟು, ‘ಮನುಷ್ಯನನ್ನು ನೋಡಿದೆ’ ಎಂದು ಪ್ರತ್ಯಯ ಹಚ್ಚುವ ನಮ್ಮ ಕಿವಿಗೆ ಇದು ಬೇಗ ಒಗ್ಗುತ್ತದೆ.

ಕೊಯಿ ಅನ್ನುವ ಸಂಬಂಧವಾಚಕಕ್ಕೆ ಹೆಚ್ಚು ದಿನ ಬೇಕು. ಕನ್ನಡದಲ್ಲಿ ‘ನಾವು ನಿಂತಿರುವ ಸೇತುವೆ’, ‘ನಾನು ಕಾಫಿ ಕೊಟ್ಟ ಹುಡುಗಿ’ ಎಂದರೆ ವಿಭಕ್ತಿ ಎಲ್ಲೂ ಕಾಣದು, ಕೃದಂತ ಅದನ್ನು ನುಂಗಿಬಿಡುತ್ತದೆ. ಬೋಸ್ನಿಯನ್‌ಗೆ ಅದನ್ನು ಹೊರಗೆಳೆಯಬೇಕು. ಉಪಾಯ ಇದು: ಕೃದಂತವನ್ನು ಪೂರ್ಣ ವಾಕ್ಯ ಮಾಡಿ. ‘ಸೇತುವೆಯ ಮೇಲೆ ನಿಂತಿದ್ದೇವೆ’: ಮೇಲೆ ಅಂದರೆ ನ, ಅದಕ್ಕೆ ಸಪ್ತಮಿ, ಹಾಗಾಗಿ ಮೊಸ್ತ್ ನ ಕೊಯೆಮ್ ಸ್ತೊಯಿಮೊ. ‘ಹುಡುಗಿಗೆ ಕೊಟ್ಟೆ’: ಚತುರ್ಥಿ, ಸ್ತ್ರೀಲಿಂಗ, ಹಾಗಾಗಿ ದ್ಯೆವೊಯ್ಕ ಕೊಯೊಯ್ ಸಮ್ ದಾಲ ಕಾಫು. ಲಿಂಗ, ವಚನ ಹೊರಗಿನ ನಾಮಪದದಿಂದ, ವಿಭಕ್ತಿ ಒಳಗಿನ ವಾಕ್ಯದಿಂದ. ಗಿಡ್ಡ ತುಣುಕುಗಳ ಸಾಲು ಕೊಯಿಯ ಬೆನ್ನಿಗೇ ಬರುತ್ತದೆ ಅನ್ನುವುದನ್ನೂ ಗಮನಿಸಿ. ಮೊಸ್ತಾರ್‌ನ ಹಳೆಯ ಸೇತುವೆಯ ಬಗ್ಗೆ ನಾಲ್ಕು ವಾಕ್ಯ ಬರೆದರೆ ಇದುವರೆಗಿನ ಎಲ್ಲದಕ್ಕೂ ಅಭ್ಯಾಸವಾಗುತ್ತದೆ. 1566ರಲ್ಲಿ ಕಟ್ಟಿ ಮುಗಿದದ್ದು, 1993ರಲ್ಲಿ ಕೆಡವಿದ್ದು, 2004ರಲ್ಲಿ ಮತ್ತೆ ತೆರೆದದ್ದು. ಸ್ರುಶಿಲಿ ಸು ಗ, ಅದನ್ನು ಕೆಡವಿದರು; ಒತ್ವೊರಿಲಿ ಸು ಗ, ಅದನ್ನು ತೆರೆದರು. ಕೆಳಗೆ ಹರಿಯುವ ನೆರೆತ್ವ ಸ್ತ್ರೀಲಿಂಗ: ವಿದಿಮ್ ಯೆ.

ಯಾರೋ, ಯಾರೂ, ಯಾರಾದರೂ, ಯಾರು ಬೇಕಾದರೂ ಅನ್ನುವ ನಮ್ಮ ಬಳಗ ಅಲ್ಲಿ ನೆಕೊ, ನಿಕೊ, ಇಕೊ, ಬಿಲೊ ಕೊ. ‘ಯಾರೂ ಮಾತಾಡುವುದಿಲ್ಲ’ ಅನ್ನುವುದರಲ್ಲಿ ಕ್ರಿಯಾಪದಕ್ಕೂ ನಿರಾಕರಣೆ ಬೇಕು: ನಿಕೊ ನೆ ಗೊವೊರಿ. ಇಂಗ್ಲಿಷ್ ಅಭ್ಯಾಸದವರು ಇಲ್ಲಿ ನೆ ಬಿಡುತ್ತಾರೆ, ಕನ್ನಡದಲ್ಲಿ ಯೋಚಿಸಿದರೆ ಬಿಡಲು ಸಾಧ್ಯವೇ ಇಲ್ಲ. ಉಪಸರ್ಗ ಬಂದಾಗ ನಿಕೊ ಎರಡಾಗಿ ಸೀಳಿ ಅದನ್ನು ಒಳಗೆ ಕೂರಿಸಿಕೊಳ್ಳುತ್ತದೆ: ನಿ ಸ್ ಕಿಮ್, ಯಾರ ಜೊತೆಗೂ, ನಿ ಒದ್ ಕೊಗ, ಯಾರಿಂದಲೂ. ನೆಕೊ ಸೀಳುವುದಿಲ್ಲ: ಸ್ ನೆಕಿಮ್, ಯಾರದೋ ಜೊತೆ.

ಕೊನೆಗೆ ಉಳಿಯುವುದು ಗೌರವದ ಮಾತು. ‘ನೀವು’ ಇದೆ, ಅದು ವಿ. ಒಬ್ಬರಿಗೇ ಹೇಳಿದರೂ ಕ್ರಿಯಾಪದ ಬಹುವಚನ, ನಮ್ಮಂತೆಯೇ. ‘ಅವರು’ ಎಂದು ಒಬ್ಬ ಹಿರಿಯರನ್ನು ಸೂಚಿಸುವ ಪದ ಮಾತ್ರ ಇಲ್ಲ. ಒನಿ ಎಂದರೆ ಕೇಳುವವರು ಎರಡನೆಯ ವ್ಯಕ್ತಿ ಎಲ್ಲಿ ಎಂದು ಹುಡುಕುತ್ತಾರೆ. ತಂದೆ, ಗುರು, ಅಜ್ಜಿ ಎಲ್ಲರಿಗೂ ಒನ್ ಅಥವಾ ಒನ. ಇದಕ್ಕೆ ನಾಲಿಗೆ ಒಗ್ಗುವವರೆಗೆ ಆ ಭಾಷೆಯೇ ಒಂದು ಅನುಕೂಲ ಇಟ್ಟಿದೆ: ಮೊದಲ ಸಲ ಪದವಿ ಹೆಸರು ಹೇಳಿ, ಆಮೇಲೆ ಕರ್ತೃವನ್ನು ಬಿಟ್ಟುಬಿಡುವುದು. ಪ್ರೊಫೆಸೊರಿತ್ಸ ಯೆ ರೆಕ್ಲ ದ ಚೆ ದೊಚಿ. ಮೇಡಂ ತಾವು ಬರುವುದಾಗಿ ಹೇಳಿದರು. ಇಡೀ ಬೋಸ್ನಿಯನ್ ವಾಕ್ಯದಲ್ಲಿ ಒಂದು ಸರ್ವನಾಮವೂ ಇಲ್ಲ.